ಶರತ್ಕಾಲದಲ್ಲಿ ನಮ್ಮೂರಿನ ಹಕ್ಕಿಗಳೂ ಇತರ ಜೀವಿಗಳೂ

(ವಿದ್ಯಾರ್ಥಿಗಳನ್ನೂ ಅವರ ತಾಯಿತಂದೆಯರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಇಂದಿನ ಸಭೆಯಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಹಿರಿಯರು ಅಪ್ಪಣೆ ಕೊಡಿಸಿದ್ದಾರೆ. ಮಹಾಪುರುಷರ ಚರಿತ್ರೆ, ವಿದ್ಯೆಯ ಮಹಿಮೆ, ನಾಡುನುಡಿಗಳ ಹಿರಿಮೆ ಇವುಗಳನ್ನು ಕುರಿತು ಬಲ್ಲವರು ಇಂಥ ವೇದಿಕೆಗಳಲ್ಲಿ ಬೇಕಾದಷ್ಟು ಹೇಳಿದ್ದಾರೆ, ಮುಂದೆಯೂ ಹೇಳುವರು. ನಾವು ಆಯ್ದುಕೊಂಡಿರುವುದು ತರಗತಿಯ ಕಿಟಿಕಿಯಿಂದ ಹೊರಗೆ ಕಾಣುವ ವಿಷಯ. ಪಾಠದ ಹೊತ್ತಿನಲ್ಲಿ ಕಿಟಿಕಿಯಿಂದ ಹೊರಗೆ ನೋಡುವ ವಿದ್ಯಾರ್ಥಿಗೆ ಉಪಾಧ್ಯಾಯರಿಂದ ಏನು ದೊರೆಯುವುದೆಂಬುದನ್ನು ತಾವೆಲ್ಲರೂ ಬಲ್ಲಿರಿ. ಆದರೂ ಈ ಒಂದು ಗಂಟೆಯ ಮಟ್ಟಿಗೆ ಹೊರಗೆ ನೋಡುವುದಕ್ಕೆ ಅನುಮತಿಯಿದೆಯೆಂದು ಭಾವಿಸಿ ಮುಂದುವರಿಯುತ್ತೇವೆ.

ಆಶ್ವೀಜ ಕಾರ್ತಿಕ ಮಾಸಗಳೆಂದರೆ ಶರದೃತು. ತುಳುವರ ಎಣಿಕೆಯಲ್ಲಿ ಸೋಣ ಕಳೆದ ಮೇಲೆ ಬರುವ ನಿರ್ನಾಲ, ಬೊಂತೆಲ್ ತಿಂಗಳುಗಳು. ನಮ್ಮ ಪ್ರಾಚೀನ ಕವಿಗಳು ಶರತ್ತನ್ನು ವರ್ಣಿಸುವಾಗ ಹಂಸಗಳನ್ನೂ ತಾವರೆಗೊಳಗಳನ್ನೂ ತರುವುದು ವಾಡಿಕೆ. ಮೀಂಜದಲ್ಲಿ ಹಂಸಗಳಿಲ್ಲ; ನಮ್ಮ ಶರತ್ತಿನ ಲಕ್ಷಣವೇ ಬೇರೆ. ವರ್ಷಕ್ಕೆ ಸುಮಾರು ೩೫೦೦ ಮಿಲಿಮೀಟರು ಮಳೆ ಬೀಳುವ ಜಿಲ್ಲೆ ಇದು. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ತರುವಾಯ ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಪೊಸಡಿ ಗುಂಪೆಯ ನೆತ್ತಿ ನಿಚ್ಚಳವಾಗಿ ಕಾಣುತ್ತದೆ. ಅಂಗಳದ ಪಾಚಿ ಒಣಗತೊಡಗುತ್ತದೆ. ಏಣೆಲು ಪೈರು ತೆನೆಬಾಗಿ ನಿಲ್ಲುತ್ತದೆ. ಸಂಜೆಯ ಹೊತ್ತಿಗೆ ಗುಡುಗಿನ ಮಳೆಯೊಂದು ಬಂದುಹೋದರೂ ಮರುದಿನ ಬಿಸಿಲು ತಪ್ಪುವುದಿಲ್ಲ. ಬೇಸಗೆಯುದ್ದಕ್ಕೂ ಕೂಗಿದ ಕೋಗಿಲೆ ಈಗ ಮೌನವಾಗಿದೆ. ಆ ಮೌನದ ನಡುವೆ, ಕಳೆದ ಐದಾರು ತಿಂಗಳುಗಳಿಂದ ಕೇಳದಿದ್ದ ಕೆಲವು ಸ್ವರಗಳು ತೋಟದ ಕಡೆಯಿಂದ ಕೇಳಿಸುವುದುಂಟು. ಅತಿಥಿಗಳು ಬಂದಿದ್ದಾರೆಂದು ಆಗ ತಿಳಿಯಬೇಕು.

ಈ ಅತಿಥಿಗಳಲ್ಲಿ ಅಗ್ರಸ್ಥಾನ ನವರಂಗಕ್ಕೆ ಸಲ್ಲಬೇಕು. ಮೈನಾ ಹಕ್ಕಿಗಿಂತ ಕಿರಿದಾದ, ಬಾಲವೇ ಇಲ್ಲವೇನೋ ಎಂಬಂತೆ ಕಾಣುವ ಮೊಂಡು ಹಕ್ಕಿ. ಬೆನ್ನು ಹಸಿರು, ಎದೆ ಕಂದುಹಳದಿ, ಹೊಟ್ಟೆಯ ತುದಿ ಕುಂಕುಮದ ಕೆಂಪು, ಭುಜದಲ್ಲಿ ಹೊಳೆಯುವ ನೀಲಿ, ಕಣ್ಣಿನ ಮೇಲೆ ಹಾದುಹೋಗುವ ಕರಿಯ ಪಟ್ಟಿ. ಇಷ್ಟೆಲ್ಲ ಬಣ್ಣಗಳನ್ನು ಹೊತ್ತುಕೊಂಡು ಅದು ಮರದ ತುದಿಯಲ್ಲಿ ಮೆರೆಯುವುದಿಲ್ಲ. ನೆಲದಲ್ಲಿ ತರಗೆಲೆಗಳನ್ನು ಕೆದಕುತ್ತ ಹುಳುಹುಪ್ಪಟೆಗಳನ್ನು ಆರಿಸುತ್ತದೆ. ಆದುದರಿಂದಲೇ ಊರಿನಲ್ಲಿ ಆರು ತಿಂಗಳು ಇದ್ದರೂ ಇದನ್ನು ಕಂಡವರು ವಿರಳ, ಕೇಳಿದವರು ಬಹಳ. ಮುಂಜಾನೆ ಬೆಳಕು ಹರಿಯುವ ಮುನ್ನ ಒಮ್ಮೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಒಮ್ಮೆ, ಎರಡು ಸ್ವರಗಳ ಸ್ಪಷ್ಟವಾದ ಸಿಳ್ಳು ಹಾಕುವುದು ಇದರ ಪದ್ಧತಿ. ತಮಿಳರು ಇದನ್ನು ‘ಆರುಮಣಿ ಕುರುವಿ’, ಎಂದರೆ ಆರು ಗಂಟೆಯ ಹಕ್ಕಿ, ಎಂದು ಕರೆಯುತ್ತಾರೆ. ಎಷ್ಟು ಸೊಗಸಾದ ಹೆಸರು! ಗಡಿಯಾರವಿಲ್ಲದ ಕಾಲದಲ್ಲಿ ಕಿವಿಗೊಟ್ಟು ಕೇಳಿದವರು ಇಟ್ಟ ಹೆಸರು ಅದು.

ಈ ನವರಂಗ ಮೊಟ್ಟೆಯಿಟ್ಟು ಮರಿಮಾಡುವುದು ಹಿಮಾಲಯದ ತಪ್ಪಲಿನಲ್ಲಿ ಮತ್ತು ಮಧ್ಯಭಾರತದ ಕಾಡುಗಳಲ್ಲಿ. ಮಳೆಗಾಲ ಮುಗಿದೊಡನೆ ದಕ್ಷಿಣಕ್ಕೆ ಹೊರಡುತ್ತದೆ. ಕೆಲವು ಸಿಂಹಳದ್ವೀಪದವರೆಗೂ ಹೋಗುತ್ತವೆ. ಅದರ ತೂಕ ಅರುವತ್ತು ಗ್ರಾಮಿನ ಸುಮಾರು. ನಮ್ಮ ಅಂಗೈಯಲ್ಲಿ ಹಿಡಿಯುವಷ್ಟು. ಪ್ರಯಾಣವೆಲ್ಲ ರಾತ್ರಿಯಲ್ಲಿ. ಬೆಳಗಾಗುವ ಹೊತ್ತಿಗೆ ಬಳಲಿ ಇಳಿಯುವಾಗ ದೀಪದ ಬೆಳಕಿಗೆ ಕಣ್ಣು ಕೋರೈಸಿಯೋ ಗಾಜಿನ ಕಿಟಿಕಿಗೆ ಬಡಿದೋ ಮನೆಯ ಜಗಲಿಯಲ್ಲಿ ಬಿದ್ದಿರುವುದುಂಟು. ಅಕ್ಟೋಬರ್ ತಿಂಗಳಲ್ಲಿ ಇಂಥ ಬಣ್ಣದ ಹಕ್ಕಿಯೊಂದು ತಮ್ಮ ಮನೆಯ ಮುಂದೆ ಕುಳಿತಲ್ಲೇ ಕುಳಿತಿದ್ದರೆ, ಮಕ್ಕಳೇ, ಅದನ್ನು ಕೈಯಿಂದ ಕೈಗೆ ದಾಟಿಸುತ್ತ ಊರಿಗೆಲ್ಲ ತೋರಿಸಬೇಡಿರಿ. ಬಾಯಿಗೆ ನೀರು ಹೊಯ್ಯಬೇಡಿರಿ. ಆ ನೀರು ಶ್ವಾಸನಾಳಕ್ಕೆ ಇಳಿದು ಸಾಯುವ ಹಕ್ಕಿಗಳಿವೆ. ಗಾಳಿಯಾಡುವಂತೆ ತೂತು ಮಾಡಿದ ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಬೆಕ್ಕು ನಾಯಿಗಳ ಕಾಟವಿಲ್ಲದ ಕತ್ತಲ ಮೂಲೆಯಲ್ಲಿ ಎರಡು ಮೂರು ಗಂಟೆ ಬಿಟ್ಟುಬಿಡಿರಿ. ಬಳಲಿಕೆಯಷ್ಟೇ ಆಗಿದ್ದರೆ ಸಾವರಿಸಿಕೊಳ್ಳುತ್ತದೆ. ಆಮೇಲೆ ತೋಟದ ನೆರಳಿಗೆ ಒಯ್ದು ಮುಚ್ಚಳ ತೆರೆದರೆ ಅದು ತನ್ನ ದಾರಿಯನ್ನು ತಾನೇ ಹಿಡಿಯುತ್ತದೆ.

ದಾರಿ ಅದಕ್ಕೆ ಹೇಗೆ ಗೊತ್ತು ಎಂದು ಮಕ್ಕಳು ಕೇಳುವುದು ಸಹಜ. ಹಗಲಿನ ಉದ್ದ ಕುಗ್ಗತೊಡಗಿದಂತೆ ಹಕ್ಕಿಯ ಶರೀರದಲ್ಲಿ ಮಾರ್ಪಾಡುಗಳಾಗುತ್ತವೆ. ಅದು ಹೆಚ್ಚು ತಿಂದು ಕೊಬ್ಬನ್ನು ಸಂಗ್ರಹಿಸಿಕೊಳ್ಳುತ್ತದೆ. ಸೂರ್ಯನ ನೆಲೆ, ನಕ್ಷತ್ರಗಳ ವಿನ್ಯಾಸ, ಭೂಮಿಯ ಕಾಂತಶಕ್ತಿ ಇವು ಮೂರರಿಂದಲೂ ಹಕ್ಕಿಗಳು ದಿಕ್ಕನ್ನು ಅರಿಯುವುವೆಂದು ವಿಜ್ಞಾನಿಗಳು ಪ್ರಯೋಗಗಳಿಂದ ತೋರಿಸಿದ್ದಾರೆ. ಮೊದಲ ವರ್ಷದ ಮರಿಗಳು ಎಷ್ಟೋ ಜಾತಿಗಳಲ್ಲಿ ಹಿರಿಯರ ಜತೆಯಿಲ್ಲದೆ ತಾವೇ ಹೊರಟು ತಲಪಬೇಕಾದಲ್ಲಿಗೆ ತಲಪುತ್ತವೆ. ಶಾಲೆಯ ವಾಹನ ತಪ್ಪಿದರೆ ಮನೆಗೆ ಬರುವ ದಾರಿ ಕಾಣದೆ ಅಳುವ ಮಕ್ಕಳಿರುವ ಕಾಲದಲ್ಲಿ ಇದು ಸೋಜಿಗವೇ ಸರಿ.

ಇನ್ನುಳಿದ ಅತಿಥಿಗಳನ್ನು ಬೇಗಬೇಗನೆ ಪರಿಚಯಿಸುತ್ತೇವೆ. ತೋಡಿನ ಕಲ್ಲುಗಳ ಮೇಲೆ ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತ ಓಡಾಡುವ, ಹೊಟ್ಟೆ ಹಳದಿಯಾದ ಹಕ್ಕಿ ಬೂದು ಸಿಪಿಲೆ. ಹಿಮಾಲಯದಿಂದಲೂ ಅದರಾಚೆಯಿಂದಲೂ ಬರುತ್ತದೆ. ಅಡಿಕೆ ತೋಟದ ನೆರಳಿನಲ್ಲಿ ಬಾಲವನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸುವುದು ಕಾಡು ಸಿಪಿಲೆ. ಅದರ ತವರು ಪೂರ್ವ ಏಷ್ಯ. ಬಾಲ ಕುಣಿಸುವ ಕ್ರಮವೊಂದರಿಂದಲೇ ಇವೆರಡನ್ನು ಬೇರ್ಪಡಿಸಬಹುದು. ವಿದ್ಯುತ್ತಂತಿಯ ಮೇಲೆ ಸಾಲಾಗಿ ಕೂರುವ ಕವಲುಬಾಲದ ಅಂಬರಗುಬ್ಬಿಗಳು, ಮರದ ತುದಿಗಳಲ್ಲಿ ಹಳದಿಯ ಮಿಂಚಿನಂತೆ ಹಾದುಹೋಗುವ ಹೊನ್ನಕ್ಕಿ, ನೀಳವಾದ ಬಾಲದ ರಾಜಹಕ್ಕಿ, ಬೂದು ಬಣ್ಣದ ಕಾಜಾಣ, ಇವನ್ನೂ ಈ ಕಾಲದಲ್ಲಿ ಕಾಣಬಹುದು. ಎಲೆಗಳ ನಡುವೆ ‘ಚಿಲಿಕ್, ಚಿಲಿಕ್’ ಎನ್ನುತ್ತ ಕಣ್ಣಿಗೆ ಬೀಳದೆ ಸತಾಯಿಸುವ ಪುಟ್ಟ ಹಸಿರು ಉಲಿಯಕ್ಕಿಯೂ ಇದೆ. ಹೆಬ್ಬೆರಳಿನಷ್ಟು ದೇಹ, ಅದಕ್ಕೂ ಹಿಮಾಲಯದಾಚೆಯ ನಂಟು.

ಈಗ ತೋಟದಿಂದ ಮೇಲಕ್ಕೆ ಹತ್ತಿ ಪದವಿಗೆ ಬರೋಣ. ಮೀಯಪದವು, ಬಾಯಾರುಪದವು ಎಂದು ನಮ್ಮ ಊರುಗಳ ಹೆಸರುಗಳಲ್ಲೇ ಪದವು ಅಡಗಿದೆ. ಮುರಕಲ್ಲಿನ ಈ ಬಯಲುಗುಡ್ಡಗಳನ್ನು ಸರಕಾರೀ ಕಡತಗಳಲ್ಲಿ ಬಹಳ ಕಾಲ ಪಾಳುಭೂಮಿಯೆಂದು ಬರೆದಿಟ್ಟರು. ಆ ಮಾತನ್ನು ಬರೆದವರು ಶರತ್ಕಾಲದಲ್ಲಿ ಇಲ್ಲಿ ಕಾಲಿಟ್ಟಿರಲಾರರೆಂದೇ ನಮ್ಮ ಎಣಿಕೆ. ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಕೇರಳದಿಂದ ಹೊರಟು ಮಂಜೇಶ್ವರದ ಮಾರ್ಗವಾಗಿ ಮಂಗಳೂರಿಗೆ ಹೋದನು. ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ, ಕತ್ತಿಯಿಂದ ಕಡಿದು ಇಟ್ಟಿಗೆಯಂತೆ ಬಳಸುವ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು ಅವನೇ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಇಂದು ಪ್ರಪಂಚದ ಭೂವಿಜ್ಞಾನಿಗಳೆಲ್ಲರೂ ಬಳಸುವ ಶಬ್ದವದು. ನಾವು ನಿತ್ಯ ತುಳಿದು ನಡೆಯುವ ಕಲ್ಲಿಗೆ ಇಷ್ಟು ಪ್ರತಿಷ್ಠೆಯಿದೆ.

ಮಳೆಗಾಲದ ಕೊನೆಯಲ್ಲಿ ಈ ಕಲ್ಲಿನ ಮೇಲೆ ಬೆರಳೆತ್ತರದ ತೆಳುನೀರು ನಿಂತಿರುತ್ತದೆ. ಅದರಲ್ಲಿ ನೀಲಿ ಹೂಗಳ ಹಾಸು. ಉಗುರಿನಷ್ಟೇ ಇರುವ ಆ ನೀಲಿ ಹೂವು ನೋಟಕ್ಕೆ ಸಾಧು; ಸ್ವಭಾವದಲ್ಲಿ ಬೇಟೆಗಾರ. ಅದರ ಬುಡದಲ್ಲಿ ಸಾಸಿವೆಗಿಂತಲೂ ಸಣ್ಣ ಚೀಲಗಳಿವೆ. ನೀರಿನಲ್ಲಿ ತೇಲಿಬರುವ ಸೂಕ್ಷ್ಮಜೀವಿಗಳನ್ನು ಅವು ಒಳಗೆ ಸೆಳೆದು ಜೀರ್ಣಿಸಿಕೊಳ್ಳುತ್ತವೆ. ಕಲ್ಲಿನಲ್ಲಿ ಸಸ್ಯಕ್ಕೆ ಬೇಕಾದ ಸಾರವಿಲ್ಲದಿರುವುದರಿಂದ ಈ ಉಪಾಯ. ಮಲಯಾಳದ ನೆರೆಯವರು ಇದನ್ನು ಕಾಕ್ಕಪ್ಪೂ ಎಂದು ಕರೆದು ಓಣಂ ಹಬ್ಬದ ಹೂವಿನ ರಂಗವಲ್ಲಿಯಲ್ಲಿ ಇರಿಸುತ್ತಾರೆ. ನೀರು ಆರಿದೊಡನೆ ಹೂವೂ ಮಾಯ. ಆಗ ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ. ಟಿಟ್ಟಿಭಗಳು ‘ಡಿಡ್ ಹೀ ಡೂಯಿಟ್’ ಎಂದು ಇಂಗ್ಲಿಷಿನಲ್ಲಿ ವಿಚಾರಣೆ ನಡೆಸುತ್ತ ಹಾರಾಡುತ್ತವೆ. ಅವುಗಳಲ್ಲಿ ಎರಡು ಜಾತಿ: ಕಣ್ಣಿನ ಬಳಿ ಕೆಂಪು ಚರ್ಮವಿರುವುದು ನೀರಿನ ಆಸರೆಯಲ್ಲಿ, ಹಳದಿ ಚರ್ಮವಿರುವುದು ಒಣ ಪದವಿನಲ್ಲಿ. ಹಳದಿಯದು ನೆಲದ ಮೇಲೆಯೇ ಕಲ್ಲುಹರಳುಗಳ ನಡುವೆ ಬೇಸಗೆಯಲ್ಲಿ ಮೊಟ್ಟೆಯಿಡುತ್ತದೆ. ಹರಳಿಗೂ ಮೊಟ್ಟೆಗೂ ಭೇದ ಕಾಣದಷ್ಟು ಸಾಮ್ಯ. ಅದಕ್ಕೆ ಬೇರೆ ಮನೆಯಿಲ್ಲ. ರಾತ್ರಿ ಹೊತ್ತು ದಾರಿಯ ಮೇಲೆ ಕುಳಿತು, ವಾಹನದ ದೀಪಕ್ಕೆ ಕಣ್ಣು ಕೆಂಡದಂತೆ ಹೊಳೆಯುವ ನತ್ತಿಂಗ, ಮೊಲ, ಮುಂಗುಸಿ, ಕುದ್ಕೆ ಎಂದು ತುಳುವಿನಲ್ಲಿ ಕರೆಯಲ್ಪಡುವ ನರಿ, ಇವೆಲ್ಲವೂ ಪದವಿನ ಒಕ್ಕಲುಗಳು.

ಪದವಿನ ಪಳ್ಳಗಳು ಹಕ್ಕಿಗಳಿಗೆ ಎಷ್ಟು ಮುಖ್ಯವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ತಾಲೂಕಿನಲ್ಲೇ, ಕುಂಬಳೆಯ ಸಮೀಪದ ಕಿದೂರಿನಲ್ಲಿ, ಪಳ್ಳವೊಂದರ ಸುತ್ತಮುತ್ತ ನೂರೈವತ್ತಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ವೀಕ್ಷಕರು ಗುರುತಿಸಿದ್ದಾರೆ. ಅದು ಪಕ್ಷಿಗ್ರಾಮವೆಂದೇ ಹೆಸರಾಗಿದೆ. ಅಲ್ಲಿರುವ ಕಲ್ಲೂ ನಮ್ಮ ಕಲ್ಲೇ, ಅಲ್ಲಿಯ ಮಳೆಯೂ ನಮ್ಮ ಮಳೆಯೇ. ಆದರೆ ಜಿಲ್ಲೆಯ ಅನೇಕ ಪದವುಗಳಲ್ಲಿ ಕೆಂಪುಕಲ್ಲಿನ ಕೋರೆಗಳು ಆಳವಾಗಿ ಇಳಿಯುತ್ತಿವೆ. ಮನೆ ಕಟ್ಟಲು ಕಲ್ಲು ಬೇಡವೆಂದು ನಾವು ಹೇಳುವಂತಿಲ್ಲ. ಈ ಭಾಷಣವನ್ನು ಮಾಡುತ್ತಿರುವ ನಾವೂ ಕಲ್ಲಿನ ಗೋಡೆಯ ಮನೆಯಲ್ಲೇ ಮಲಗುವವರು. ಆದರೂ ಒಂದು ಸಂಗತಿಯನ್ನು ತಾಯಿತಂದೆಯರು ಗಮನಿಸಬೇಕು. ತೂತುತೂತಾದ ಮುರಕಲ್ಲು ಮಳೆಯ ನೀರನ್ನು ಹೀರಿ ಕೆಳಗೆ ಇಳಿಸುವ ಜರಡಿ. ನಮ್ಮ ಹಿರಿಯರು ಗುಡ್ಡದ ಪಕ್ಕೆಯನ್ನು ಅಡ್ಡಲಾಗಿ ಕೊರೆದು ತೆಗೆದ ಸುರಂಗಗಳಲ್ಲಿ ಬೇಸಗೆಯವರೆಗೂ ನೀರು ಒಸರುವುದು ಈ ಜರಡಿಯ ಕೃಪೆಯಿಂದ. ಟಿಟ್ಟಿಭದ ಮನೆಯೂ ನಮ್ಮ ಕೊಡದ ನೀರೂ ಒಂದೇ ಕಲ್ಲಿನಲ್ಲಿವೆ.

ಮಕ್ಕಳೇ, ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಆಟದ ಬಯಲಿನ ಮೇಲೆ ಮೊಣಕಾಲೆತ್ತರದಿಂದ ತೆಂಗಿನೆತ್ತರದವರೆಗೆ ನೂರಾರು ಏರೋಪ್ಲೇನ್ ಚಿಟ್ಟೆಗಳು ಹಾರಾಡುವುದನ್ನು ನೀವು ಕಂಡಿದ್ದೀರಿ. ಕೆಲವರು ಅವುಗಳ ಬಾಲಕ್ಕೆ ದಾರ ಕಟ್ಟಿ ಆಡಿಸುವುದನ್ನೂ ನಾವು ಕಂಡಿದ್ದೇವೆ, ಹೆಸರು ಹೇಳುವುದಿಲ್ಲ. ಅವುಗಳಲ್ಲಿ ಹೊಂಬಣ್ಣದ ಒಂದು ಜಾತಿಯಿದೆ. ಎರಡು ಅಂಗುಲವಷ್ಟೇ ಉದ್ದದ ಈ ಕೀಟ ಅರಬ್ಬೀ ಸಮುದ್ರವನ್ನು ದಾಟುತ್ತದೆಂದರೆ ನಂಬುವಿರಾ? ಮಾಲ್ದೀವ್ಸ್ ದ್ವೀಪಗಳಲ್ಲಿ ನೆಲಸಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ ಪ್ರತಿವರ್ಷವೂ ಅಕ್ಟೋಬರಿನಲ್ಲಿ ಇವು ಲಕ್ಷಾಂತರವಾಗಿ ಬಂದಿಳಿಯುವುದನ್ನು ಗಮನಿಸಿದನು. ಆ ಹವಳದ್ವೀಪಗಳಲ್ಲಿ ಇವು ಮೊಟ್ಟೆಯಿಡಬಲ್ಲ ಸಿಹಿನೀರು ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಎಲ್ಲಿಂದ ಬಂದುವು, ಎಲ್ಲಿಗೆ ಹೋಗುವುವು? ವರ್ಷಗಟ್ಟಲೆ ದಿನಾಂಕಗಳನ್ನು ಬರೆದಿಟ್ಟು, ೨೦೦೯ರಲ್ಲಿ ಅವನು ತನ್ನ ಉತ್ತರವನ್ನು ಪ್ರಕಟಿಸಿದನು: ದಕ್ಷಿಣ ಭಾರತದಿಂದ ಹೊರಟು, ಈಶಾನ್ಯದಿಂದ ಬೀಸುವ ಮೇಲುಗಾಳಿಯನ್ನು ಹಿಡಿದು, ದ್ವೀಪಗಳ ಮೇಲೆ ಹಾದು ಪೂರ್ವ ಆಫ್ರಿಕಕ್ಕೆ ಹೋಗುತ್ತವೆ, ಅಲ್ಲಿಯ ಮಳೆನೀರಿನಲ್ಲಿ ಮರಿಮಾಡುತ್ತವೆ, ಅವುಗಳ ಸಂತತಿ ನೈರುತ್ಯ ಮಾರುತದೊಡನೆ ನಮ್ಮಲ್ಲಿಗೆ ಮರಳುತ್ತದೆ. ಒಂದು ಸುತ್ತು ಮುಗಿಯುವಾಗ ನಾಲ್ಕು ತಲೆಮಾರುಗಳು ಕಳೆದಿರುತ್ತವೆ. ಅಜ್ಜ ಹೊರಟ ಪ್ರಯಾಣವನ್ನು ಮರಿಮಗ ಮುಗಿಸುತ್ತಾನೆಂದು ಹೇಳಿದಂತಾಯಿತು.

ಇದೇ ಗಾಳಿಯಲ್ಲಿ ಇದೇ ಕಾಲಕ್ಕೆ ಇನ್ನೊಂದು ಜೀವಿಯೂ ಕಡಲು ದಾಟುತ್ತದೆ. ಅಮೂರ್ ಚಾಣವೆಂದು ಅದರ ಹೆಸರು. ಪಾರಿವಾಳಕ್ಕಿಂತ ಹಗುರವಾದ ಬೇಟೆಹಕ್ಕಿ. ಸೈಬೀರಿಯ ಮತ್ತು ಉತ್ತರ ಚೀನಾದಿಂದ ದಕ್ಷಿಣ ಆಫ್ರಿಕದವರೆಗೆ ಇದರ ಯಾತ್ರೆ. ದಾರಿಯಲ್ಲಿ ನಾಗಾಲ್ಯಾಂಡಿನ ಡೊಯಾಂಗ್ ಜಲಾಶಯದ ಬಳಿ ಲಕ್ಷಗಟ್ಟಲೆ ಹಕ್ಕಿಗಳು ತಂಗುತ್ತವೆ. ಬಳಿಕ ಭಾರತದ ಪರ್ಯಾಯದ್ವೀಪವನ್ನು ಹಾದು, ಅರಬ್ಬೀ ಸಮುದ್ರದ ಮೇಲೆ ಎಲ್ಲಿಯೂ ಇಳಿಯದೆ ಸೋಮಾಲಿಯದ ಕರೆಯನ್ನು ಮುಟ್ಟುತ್ತವೆ. ಮೇಲೆ ಹೇಳಿದ ಕೀಟಗಳೇ ಅದಕ್ಕೆ ದಾರಿಯ ಬುತ್ತಿಯೆಂದು ಆಂಡರ್ಸನನ ಊಹೆ. ೨೦೧೨ರ ಶರತ್ತಿನಲ್ಲಿ ಆ ಜಲಾಶಯದ ಬಳಿಯ ಪಾಂಗ್ಟಿ ಎಂಬ ಹಳ್ಳಿಯಲ್ಲಿ ಮೀನುಬಲೆಗಳನ್ನು ಮರಗಳಿಗೆ ಕಟ್ಟಿ ಈ ಚಾಣಗಳನ್ನು ಸಾವಿರಗಟ್ಟಲೆ ಹಿಡಿದು ಕೊಲ್ಲುತ್ತಿದ್ದುದು ಬೆಳಕಿಗೆ ಬಂತು. ಬಡತನವೇ ಅದಕ್ಕೆ ಕಾರಣ. ಅಣೆಕಟ್ಟಿನಿಂದ ಹೊಲಗಳನ್ನು ಕಳೆದುಕೊಂಡವರ ಹಳ್ಳಿ ಅದು. ಲೋಕವೆಲ್ಲ ಛೀಮಾರಿ ಹಾಕಿತು. ಆ ಹಳ್ಳಿಗರು ಏನು ಮಾಡಿದರು? ಗ್ರಾಮಸಭೆ, ಇಗರ್ಜಿ, ಸರಕಾರ, ಪಕ್ಷಿಪ್ರೇಮಿಗಳು ಎಲ್ಲರೂ ಕೂಡಿ ಮಾತಾಡಿದರು, ಬಲೆಗಳನ್ನು ಬಿಚ್ಚಿದರು. ೨೦೧೩ರ ಶರತ್ತಿನಲ್ಲಿ ಆ ಊರಿನಲ್ಲಿ ಬೇಟೆ ನಿಂತಿತು. ಒಂದೇ ವರ್ಷದಲ್ಲಿ! ಅದೇ ವರ್ಷ ಒಂದು ಚಾಣದ ಬೆನ್ನಿಗೆ ಪುಟ್ಟ ಯಂತ್ರವನ್ನು ಕಟ್ಟಿ, ಪಾಂಗ್ಟಿ ಎಂದು ಆ ಊರಿನ ಹೆಸರನ್ನೇ ಅದಕ್ಕಿಟ್ಟರು. ಕವಣೆಯನ್ನು ಚೀಲದಲ್ಲಿಟ್ಟುಕೊಂಡು ಶಾಲೆಗೆ ಬರುವ ಹುಡುಗರು ನಮ್ಮಲ್ಲಿಯೂ ಇದ್ದಾರೆಂದು ಕೇಳಿದ್ದೇವೆ. ಅವರಿಗೆ ನಾವು ಬೇರೆ ಬುದ್ಧಿ ಹೇಳುವುದಿಲ್ಲ. ಪಾಂಗ್ಟಿ ಎಲ್ಲಿದೆಯೆಂದು ಭೂಪಟದಲ್ಲಿ ಹುಡುಕಿ ತೋರಿಸಿದರೆ ಸಾಕು.

ಗದ್ದೆಯ ವಿಷಯಕ್ಕೆ ಬಂದರೆ ಮಾತು ಸ್ವಲ್ಪ ಭಾರವಾಗುತ್ತದೆ. ಏಣೆಲು ಕೊಯ್ಲಿನ ಹೊತ್ತಿಗೆ ರಾಟವಾಳಗಳ ಹಿಂಡು, ಕೊಯ್ಲಾದ ಕೆಸರಿನಲ್ಲಿ ಗದ್ದೆ ಗೊರವಗಳು, ಉಳುವವನ ಹಿಂದೆ ಬೆಳ್ಳಕ್ಕಿಗಳ ಸಾಲು, ಬದುವಿನ ತೂತುಗಳಲ್ಲಿ ಏಡಿ, ಅದನ್ನರಸಿ ಬರುವ ನರಿ, ಇದು ಒಂದು ಸಂಸಾರ. ಗೀಜಗನ ಗೂಡುಗಳು ಈ ವೇಳೆಗೆ ಬರಿದಾಗಿ ಮಡಲುಗಳ ತುದಿಯಲ್ಲಿ ತೂಗಾಡುತ್ತಿರುತ್ತವೆ. ಗಂಡು ಗೀಜಗ ಭತ್ತದ ಎಲೆಯನ್ನು ಸೀಳಿ ಎಳೆ ತೆಗೆದು ಅದನ್ನು ಹೆಣೆಯುತ್ತದೆ. ಅರ್ಧ ಹೆಣೆದ ಗೂಡನ್ನು ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಮುಂದಿನ ಕೆಲಸ. ಭತ್ತದ ಎಲೆಯೇ ಇಲ್ಲದಿದ್ದರೆ ಗೀಜಗ ಹೆಣೆಯುವುದಾದರೂ ಏನನ್ನು? ೧೯೭೦ರ ದಶಕದ ನಡುವಿನಲ್ಲಿ ಕೇರಳ ರಾಜ್ಯದಲ್ಲಿ ಎಂಟು ಲಕ್ಷ ಹೆಕ್ಟೇರಿಗೂ ಹೆಚ್ಚು ಭತ್ತದ ಗದ್ದೆಯಿತ್ತು; ಇಂದು ಉಳಿದಿರುವುದು ಸುಮಾರು ಎರಡು ಲಕ್ಷ. ಗದ್ದೆಗಳನ್ನು ಮುಚ್ಚದಂತೆ ತಡೆಯಲು ೨೦೦೮ರಲ್ಲಿ ಶಾಸನವೇ ಬಂತು. ನಮ್ಮ ಸೀಮೆಯಲ್ಲಿಯೂ ಗದ್ದೆಗೆ ಮಣ್ಣು ಹಾಕಿ ಅಡಿಕೆ ಸಸಿ ನೆಟ್ಟವರು ಎಷ್ಟೋ ಮಂದಿ. ಅವರನ್ನು ದೂರುವುದು ಸುಲಭ. ನಾಟಿಗೆ ಆಳಿಲ್ಲ, ಭತ್ತಕ್ಕೆ ಬೆಲೆಯಿಲ್ಲ, ಮಕ್ಕಳ ಫೀಸು ಕಟ್ಟಬೇಕು. ಅಡಿಕೆಯ ಆಸೆ ಅವರನ್ನು ಕಾಡಿದ್ದರೆ ಅದರಲ್ಲಿ ಆಶ್ಚರ್ಯವೇನು? ಇಂದಿಗೂ ಒಂದೆರಡು ಗದ್ದೆಗಳನ್ನಾದರೂ ಬಿತ್ತುತ್ತಿರುವ ಹಿರಿಯರು ಈ ಸಭೆಯಲ್ಲಿದ್ದಾರೆ. ಲಾಭಕ್ಕೆಂದು ಅವರು ಬಿತ್ತುತ್ತಿಲ್ಲವೆಂದು ಬಲ್ಲೆವು. ಅವರಿಗೆ ನಮ್ಮ ನಮಸ್ಕಾರ.

ಅಡಿಕೆ ತೋಟವೂ ಬರಡಲ್ಲ. ಬೋರ್ಡೋ ದ್ರಾವಣದ ಕಲೆ ಹತ್ತಿದ ಬೂದು ಬಣ್ಣದ ಆ ಮರಗಳಲ್ಲಿ ಅದೇ ಬಣ್ಣದ ಹಾರುವ ಓತಿ ಅಂಟಿಕೊಂಡಿರುತ್ತದೆ. ತಾಳ್ಮೆಯಿಂದ ನೋಡುತ್ತಿದ್ದರೆ ಗಂಟಲಿನ ಹಳದಿ ಚೀಲವನ್ನು ಬಾವುಟದಂತೆ ಬಿಚ್ಚಿ ಮಡಚುವುದು ಕಾಣುತ್ತದೆ. ಹಠಾತ್ತಾಗಿ ಪಕ್ಕೆಲುಬುಗಳನ್ನು ಹರಡಿ, ಅವುಗಳ ನಡುವಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ, ಒಂದು ಮರದಿಂದ ಇನ್ನೊಂದಕ್ಕೆ ತೇಲಿಹೋಗುತ್ತದೆ. ಮರಗಳಲ್ಲಿ ಸಾಲುಹಿಡಿದು ನಡೆಯುವ ಇರುವೆಗಳು ಅದರ ಮುಖ್ಯ ಆಹಾರ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ೧೯೮೦ರಲ್ಲಿ ಈ ಓತಿಯನ್ನು ಕನ್ನಡಿಗರೆಲ್ಲರ ಮನೆಗೆ ತಂದಿತು. ಅದರಲ್ಲಿ ಇಡೀ ತಂಡವೊಂದು ಕಾಡುಮೇಡು ಅಲೆದು ಹುಡುಕುವ ಪ್ರಾಣಿಯನ್ನು ನಮ್ಮ ಮಕ್ಕಳು ಬಚ್ಚಲಿಗೆ ಸೋಗೆ ಹೆಕ್ಕಲು ಹೋದಾಗ ಕಾಣಬಲ್ಲರು.

ಶರತ್ತಿನ ಕೊನೆಗೆ ಅಡಿಕೆ ಹಣ್ಣಾಗತೊಡಗಿದಾಗ ಬಾವಲಿಗಳ ಹಬ್ಬ. ರಾತ್ರಿ ಅವು ಹಣ್ಣಡಿಕೆಯ ಸಿಹಿ ಸಿಪ್ಪೆಯನ್ನು ಚೀಪಿ ಬೀಜವನ್ನು ಬೀಳಿಸಿ ಹೋಗುತ್ತವೆ. ಬೆಳಿಗ್ಗೆ ಮಕ್ಕಳು ಅದನ್ನು ಹೆಕ್ಕಿ ಕಿಸೆಖರ್ಚಿಗೆ ದಾರಿಮಾಡಿಕೊಳ್ಳುವುದು ಹಿಂದಿನಿಂದ ಬಂದ ರೂಢಿ. ಇಲ್ಲಿ ತಾಯಂದಿರಿಗೆ ಒಂದು ಎಚ್ಚರಿಕೆ ಹೇಳಬೇಕಾಗಿದೆ. ೨೦೧೮ರ ಮೇ ತಿಂಗಳಲ್ಲಿ ಕೋಝಿಕ್ಕೋಡಿನ ಕಡೆ ನಿಪಾ ಜ್ವರ ಕಾಣಿಸಿಕೊಂಡು ೧೭ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಸತ್ತರು. ಆ ರೋಗಾಣುವಿನ ನೆಲೆ ಈ ಹಣ್ಣು ತಿನ್ನುವ ಬಾವಲಿಗಳು. ಆದುದರಿಂದ ಬಾವಲಿ ಕಚ್ಚಿದ ಪೇರಳೆ, ಮಾವು, ಗೇರುಹಣ್ಣುಗಳನ್ನು ಮಕ್ಕಳು ಬಾಯಿಗೆ ಹಾಕಬಾರದು. ಬಾವಲಿ ಚೀಪಿದ ಅಡಿಕೆಯನ್ನು ಬರಿಗೈಯಲ್ಲಿ ಮುಟ್ಟದಿರುವುದೇ ಲೇಸು, ಮುಟ್ಟಿದರೆ ಸಾಬೂನು ಹಚ್ಚಿ ಕೈತೊಳೆಯಬೇಕು. ಹಾಗೆಂದು ಬಾವಲಿಯ ಮರಕ್ಕೆ ಪಟಾಕಿ ಹಚ್ಚುವುದು ಅವಿವೇಕ. ಬೆದರಿ ಚದರಿದ ಬಾವಲಿಗಳು ರೋಗಾಣುವನ್ನು ಇನ್ನಷ್ಟು ಕಡೆ ಚೆಲ್ಲಬಹುದು. ಅಲ್ಲದೆ ರಾತ್ರಿಯಲ್ಲಿ ಅರಳುವ ಎಷ್ಟೋ ಹೂಗಳು ಕಾಯಿಗಟ್ಟುವುದೂ ಕಾಡಿನ ಬೀಜಗಳು ದೂರಕ್ಕೆ ಹರಡುವುದೂ ಅವುಗಳಿಂದ.

ಕಾಡುಹಂದಿಯ ಹೆಸರೆತ್ತಿದರೆ ಹಿಂದಿನ ಸಾಲಿನಲ್ಲಿ ಕುಳಿತ ಕೃಷಿಕರ ಮುಖ ಗಂಟಿಕ್ಕುವುದನ್ನು ನಾವು ಕಾಣುತ್ತಿದ್ದೇವೆ. ಮರಗೆಣಸು, ಕೆಸು, ಎಳೆಯ ತೆಂಗು ಒಂದನ್ನೂ ಅದು ಬಿಡದು. ಪಂಜುರ್ಲಿಗೆ ಕೋಲ ಕೊಟ್ಟು ಕೈಮುಗಿಯುವ ನಾಡಿನಲ್ಲಿ ಪಂಜಿಯ ಕಾಟಕ್ಕೆ ಕಣ್ಣೀರಿಡುವ ಸ್ಥಿತಿ. ಉಪದ್ರವ ಕೊಡುವ ಹಂದಿಗಳನ್ನು ಕೊಲ್ಲಿಸಲು ೨೦೨೨ರಲ್ಲಿ ಕೇರಳ ಸರಕಾರ ಪಂಚಾಯತುಗಳಿಗೆ ಅಧಿಕಾರ ಕೊಟ್ಟಿತು. ಹಂದಿ ಹೆಚ್ಚಿದ್ದೇಕೆ? ಹಡಿಲು ಬಿದ್ದ ಗದ್ದೆಗಳಲ್ಲಿಯೂ ಕಾಡುಬೆಳೆದ ಗುಡ್ಡಗಳಲ್ಲಿಯೂ ಅದಕ್ಕೆ ಅಡಗುದಾಣ ಸಿಕ್ಕಿತು. ಅದನ್ನು ತಿನ್ನುತ್ತಿದ್ದ ಹುಲಿಗಳು ಇಲ್ಲವಾದುವು. ಈಗ ಮೀಂಜದಲ್ಲಿ ಹುಲಿ ಕಾಣಬೇಕಾದರೆ ನವರಾತ್ರಿಯ ವೇಷವೇ ಗತಿ. ನವಿಲಿನ ಕಥೆಯೂ ಹೀಗೆಯೇ. ಹಿಂದೆ ಚಿತ್ರದಲ್ಲಿ ಮಾತ್ರ ನವಿಲನ್ನು ಕಂಡವರು ಈಗ ಅಂಗಳದ ತರಕಾರಿ ಸಾಲಿನಿಂದ ಅದನ್ನು ಓಡಿಸುತ್ತಿದ್ದಾರೆ. ೨೦೨೩ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಇದನ್ನೇ ಹೇಳುತ್ತದೆ: ನವಿಲು ದೇಶದಾದ್ಯಂತ ಹೆಚ್ಚುತ್ತಿದೆ, ಆದರೆ ದೀರ್ಘಕಾಲದ ಏರಿಳಿತವನ್ನು ಅಳೆಯಲು ಸಾಧ್ಯವಾದ ೩೩೮ ಜಾತಿಗಳಲ್ಲಿ ನೂರಕ್ಕೆ ೬೦ರಷ್ಟು ಇಳಿಮುಖವಾಗಿವೆ. ಒಂದು ಹೆಚ್ಚಿದುದನ್ನು ಕಂಡು ಎಲ್ಲವೂ ಸುಖವಾಗಿವೆಯೆಂದು ತಿಳಿಯುವಂತಿಲ್ಲ.

ಹಕ್ಕಿಗಳ ಮೌನವೆಂದರೇನೆಂಬುದನ್ನು ಈ ಜಿಲ್ಲೆಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ತಾಲೂಕಿನದೇ ಆದ ಎಣ್ಮಕಜೆ ಪಂಚಾಯತಿನ ಪಡ್ರೆ ಮೊದಲಾದ ಗ್ರಾಮಗಳ ಬಳಿಯ ಗೇರು ತೋಟಗಳಿಗೆ ಎರಡು ದಶಕಗಳಿಗೂ ಹೆಚ್ಚು ಕಾಲ, ೨೦೦೦ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಮೊದಲು ಸತ್ತುದು ಜೇನುನೊಣ, ಮೀನು, ಕಪ್ಪೆಗಳು. ಹಕ್ಕಿಗಳು ಕಾಣದಾದುವೆಂದು ಅಲ್ಲಿಯವರು ಹೇಳಿದರು. ಆ ಮಾತನ್ನು ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಳಿಕ ಮನೆಮನೆಗಳ ಮಕ್ಕಳ ಸರದಿ ಬಂತು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಲ್ಲಿಯೇ ನಿಷೇಧಿಸಿತು. ಕಪ್ಪೆ ಸತ್ತ ದಿನವೇ ಯಾರಾದರೂ ದಿನಾಂಕ ಬರೆದಿಟ್ಟು, ಅದನ್ನು ಕೇಳುವವರೊಬ್ಬರಿದ್ದಿದ್ದರೆ ಎಂದು ನಮಗೆ ಅನ್ನಿಸುವುದುಂಟು.

ನಾಗಬನಗಳ ವಿಷಯದಲ್ಲಿ ಹಿರಿಯರೊಡನೆ ಒಂದು ಬಿನ್ನಹ. ಹಿಂದೆ ಬನವೆಂದರೆ ಬನವೇ ಆಗಿತ್ತು. ಕಾಸರಕ, ಹೆಬ್ಬಲಸು, ಬಳ್ಳಿಗಳ ಗೊಂಡಾರಣ್ಯ. ಒಂದು ಕಡ್ಡಿಯನ್ನೂ ಮುರಿಯಬಾರದೆಂಬ ಕಟ್ಟು. ನವರಂಗ ಇಳಿಯುವುದು, ಗೂಬೆ ಹಗಲು ಕಳೆಯುವುದು, ಪುನುಗುಬೆಕ್ಕು ಅಡಗುವುದು ಅಲ್ಲಿಯೇ. ಈಚಿನ ವರ್ಷಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಮರಗಳನ್ನು ಕಡಿದು ಕಾಂಕ್ರೀಟಿನ ಕಟ್ಟೆ ಕಟ್ಟುವುದು ಹೆಚ್ಚಾಗಿದೆ. ನಾಗನಿಗೆ ನೆರಳು ಬೇಡವೇ? ಶಾಸ್ತ್ರ ಬಲ್ಲವರು ಇದಕ್ಕೆ ಉತ್ತರ ಹೇಳಲಿ.

ಕೊನೆಯದಾಗಿ ವಿದ್ಯಾರ್ಥಿಗಳಿಗೊಂದು ಕೆಲಸ. ೧೯೩೩ರಲ್ಲಿ ಸಲೀಂ ಅಲಿಯವರು ತಿರುವಾಂಕೂರು ಕೊಚ್ಚಿ ಸಂಸ್ಥಾನಗಳ ಹಕ್ಕಿಗಳನ್ನು ಸಮೀಕ್ಷಿಸಿದಾಗ ನಮ್ಮ ಊರು ಅದರಲ್ಲಿ ಸೇರಲಿಲ್ಲ. ೧೯೫೬ರ ನವೆಂಬರ್ ೧ರವರೆಗೆ ನಾವು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದೆವು. ೨೦೧೫ರಿಂದ ೨೦೨೦ರವರೆಗೆ ಸಿದ್ಧವಾದ ಕೇರಳ ಪಕ್ಷಿ ಭೂಪಟದಲ್ಲಿ ನಮ್ಮ ಜಿಲ್ಲೆಯೂ ಸೇರಿತು. ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ದುಡಿದು ೩೬೧ ಜಾತಿಗಳ ಸುಮಾರು ಮೂರು ಲಕ್ಷ ದಾಖಲೆಗಳನ್ನು ಕೂಡಿಸಿದರು. ಆದರೆ ಅದರ ಎಣಿಕೆ ನಡೆದುದು ಮಳೆಗಾಲದಲ್ಲಿ ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ, ಮತ್ತು ಬೇಸಗೆಗೆ ಮುಂಚೆ ಜನವರಿ ನಡುವಿನಿಂದ ಮಾರ್ಚಿ ನಡುವಿನವರೆಗೆ. ಶರತ್ಕಾಲ ಎರಡರಲ್ಲಿಯೂ ಬಿಟ್ಟುಹೋಗಿದೆ. ಆ ಜಾಗವನ್ನು ನೀವು ತುಂಬಬಹುದು. ಒಂದು ಇನ್ನೂರು ಪುಟದ ಪುಸ್ತಕ ಸಾಕು. ದಿನಾಂಕ, ಹೊತ್ತು, ಸ್ಥಳ, ಕಂಡ ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು, ಬರೆದವರ ಹೆಸರು ಮತ್ತು ತರಗತಿ, ಇಷ್ಟು ಕಾಲಂಗಳು. ಹೆಸರು ಗೊತ್ತಿಲ್ಲದ ಹಕ್ಕಿಯನ್ನು ಕಂಡರೆ ಅಜ್ಜ ಅಜ್ಜಿಯರನ್ನು ಕೇಳಿ, ಅವರು ಹೇಳುವ ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಹವ್ಯಕ ಹೆಸರನ್ನು ಹಾಗೆಯೇ ಬರೆಯಿರಿ. ಕೆಂಬೂತವನ್ನು ಕುಪುಲು ಎಂದು ಬರೆದರೆ ಅಂಕ ಕಳೆಯುವವರು ಯಾರೂ ಇಲ್ಲ. ಅನುಮಾನವಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿರಿ. ಕಾಣದ ಹಕ್ಕಿಯನ್ನು ಮಾತ್ರ ಬರೆಯಬೇಡಿರಿ. ಪ್ರತಿವರ್ಷ ಫೆಬ್ರವರಿಯಲ್ಲಿ ದೇಶದ ಶಾಲಾಕಾಲೇಜುಗಳ ಆವರಣಗಳಲ್ಲಿ ಹಕ್ಕಿಗಳ ಎಣಿಕೆ ನಡೆಯುತ್ತದೆ. ಆ ಹೊತ್ತಿಗೆ ನಿಮ್ಮ ಕಣ್ಣೂ ಕಿವಿಯೂ ಪಳಗಿರುತ್ತವೆ.

ಮೊದಲ ಪುಟದ ಮೊದಲ ಸಾಲಿಗೆ ನವರಂಗ ಬರಲೆಂದು ನಮ್ಮ ಆಸೆ. ನಾಳೆ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷವಿರುವಾಗ ಎದ್ದು, ಮೋಟಾರು ಪಂಪು ಹಾಕುವ ಮೊದಲೇ, ತೋಟದ ಬದಿಯಲ್ಲಿ ನಿಂತು ಕಿವಿಗೊಡಿರಿ.